ಸಿಂಗಲ್ ಕಾಯಿಲ್‌ನ ಗೊಂಯ್ ನಿಲ್ಲಿಸಿದ್ದು ಹೀಗೆ

ಪೆಂಡಾಲಿನಲ್ಲಿ ಸೀರಿಯಲ್ ಸೆಟ್ ಹೊತ್ತಿಸಿದ ಕ್ಷಣದಿಂದ ನನ್ನ ಗಿಟಾರ್ ಜೇನುಗೂಡಾಗುತ್ತಿತ್ತು. ಹಾಡು ನಡೆಯುವಾಗ ಅದು ಯಾರಿಗೂ ತಿಳಿಯದು. ಎರಡು ಹಾಡುಗಳ ನಡುವೆ ನಿರೂಪಕರು ಮುಯ್ಯಿ ಮಾಡಿದವರ ಹೆಸರು ಓದುವಾಗ ಮಾತ್ರ ನನ್ನ ಕಡೆಯಿಂದ ಒಂದೇ ಸಮನೆ ಗೊಂಯ್. ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಲ್ಲಿ ತಂತಿ ಸುರುಳಿ, ಅಂದರೆ ಕಾಯಿಲ್, ಒಂದೇ ಇದ್ದರೆ ಅದು ಸಿಂಗಲ್ ಕಾಯಿಲ್; ಎರಡಿದ್ದು ಗೊಂಯ್ ಕಳೆಯುವಂತಿದ್ದರೆ ಹಂಬಕರ್. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಕಾಕಾ ತಿರುಗಿ ನೋಡಿ, "ತಮ್ಮಾ, ಸಿಂಗಲ್ ಕಾಯಿಲ್ ಎಂದಮೇಲೆ ಅದರ ಹಣೆಬರಹವೇ ಅಷ್ಟು. ಹಂಬಕರ್ ಇರುವ ಗಿಟಾರ್ ತೆಗೆದುಕೋ" ಎನ್ನುತ್ತಿದ್ದರು. ಮೂರು ವರ್ಷ ಈ ಮಾತು ಕೇಳಿದ್ದೇನೆ. ಈಗ ಅವರು ಹೇಳುವುದಿಲ್ಲ. ಏಕೆ ಹೇಳುವುದಿಲ್ಲ ಎಂಬುದೇ ಈ ಬರಹ.

ಗಿಟಾರ್ ಇಂಡೋನೇಷ್ಯಾದಲ್ಲಿ ತಯಾರಾದದ್ದು, ಸ್ಟ್ರಾಟೋಕಾಸ್ಟರ್ ಮಾದರಿ, ಮೂರು ಸಿಂಗಲ್ ಕಾಯಿಲ್. ಹೈದರಾಬಾದಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ 9,500 ರೂಪಾಯಿಗೆ ಕೊಂಡೆ. ನೆಕ್ ಬಂಗಾರದಂಥದ್ದು, ಫ್ರೆಟ್‌ಗಳು ಸವೆದಿರಲಿಲ್ಲ. ಮೈಮೇಲಿನ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡ್, ಬಿಚ್ಚಿದರೆ ಒಳಗೆ ಮಾತ್ರ ಆಟಿಕೆಯ ಸಾಮಾನು: ಗುಂಡಿಯಷ್ಟೇ ಅಗಲದ ಸಣ್ಣ ಪಾಟ್‌ಗಳು (ವಾಲ್ಯೂಮ್, ಟೋನ್ ಏರಿಳಿಸಲು ತಿರುಗಿಸುವ ಭಾಗಗಳು), ಡಬ್ಬಿಯಂಥ ಪ್ಲಾಸ್ಟಿಕ್ ಸ್ವಿಚ್, ಕೂದಲಿನಂಥ ವೈರು. ಪಾಟ್‌ಗಳ ಮೇಲೆ ಬಿ500ಕೆ ಎಂದಿತ್ತು: ಬಿ ಎಂದರೆ ಲೀನಿಯರ್, ತಿರುಗಿಸಿದಷ್ಟೇ ಸಮನಾಗಿ ಬದಲಾಗುವಂಥದ್ದು; 500ಕೆ ಎಂದರೆ 500 ಕಿಲೋಓಮ್ ರೋಧ. ಸಿಂಗಲ್ ಕಾಯಿಲ್‌ಗೆ 500ಕೆ ಹಾಕಿದರೆ ದನಿ ಕಿವಿಗೆ ಸೂಜಿಯಾಗುತ್ತದೆ, ಅದರ ಜೊತೆಗೆ ಲೀನಿಯರ್ ಬೇರೆ. ವಾಲ್ಯೂಮ್ ಹತ್ತರಿಂದ ಮೂರರವರೆಗೆ ಇಳಿಸಿದರೂ ಏನೂ ಆಗದು, ಅಲ್ಲಿಂದ ಕೆಳಗೆ ಒಮ್ಮೆಲೇ ಪ್ರಪಾತ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ದೋಷವೆಲ್ಲ ಪಿಕಪ್‌ನದು ಎಂದುಕೊಂಡೆ. ಒಳ್ಳೆಯ ಸೆಟ್ಟಿಗೆ 15,000ದ ಮೇಲೆ ಹೇಳಿದರು, ಗಿಟಾರಿಗಿಂತ ಪಿಕಪ್ ದುಬಾರಿ. ಮೊಬೈಲಿನಲ್ಲಿ ಹುಡುಕಿ ‘ಆಲ್ನಿಕೋ’ (ಒಂದು ಬಗೆಯ ಮಿಶ್ರಲೋಹದ ಕಾಯಸ್ಕಾಂತ) ಎಂದು ಬರೆದಿದ್ದ ಸೆಟ್ ಒಂದನ್ನು 2,400ಕ್ಕೆ ತರಿಸಿದೆ. ಬಂದ ದಿನ ತಿರುವಿ ನೋಡಿದರೆ ಕೆಳಗೆ ಬಿಸ್ಕತ್ತಿನಂತೆ ಅಂಟಿಸಿದ ಸೆರಾಮಿಕ್ ಕಾಯಸ್ಕಾಂತದ ಪಟ್ಟಿ, ಮೇಲೆ ಬರೀ ಉಕ್ಕಿನ ಕಡ್ಡಿಗಳು. ನನ್ನ ಗಿಟಾರಿನಲ್ಲಿದ್ದದ್ದೂ ಅದೇ. ಮಾರಿದವನು ವಾಪಸು ತೆಗೆದುಕೊಳ್ಳಲಿಲ್ಲ. ಡಬ್ಬಿಯನ್ನು ಕಪಾಟಿಗೆ ಎಸೆದೆ. ಆ ಡಬ್ಬಿಯೇ ಮುಂದೆ ನನ್ನನ್ನು ಕಾಪಾಡಿತು.

ಎರಡನೆಯ ತಪ್ಪಿಗೆ ಅಡುಗೆಮನೆ ಕಾರಣ. ಗಿಟಾರಿನ ಕುಳಿಯ ಒಳಗೆ ಶೀಲ್ಡಿಂಗ್, ಅಂದರೆ ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ, ಬೇಕೆಂದು ಗೊತ್ತಿತ್ತು, ತಾಮ್ರದ ಟೇಪಿಗೆ ದುಡ್ಡು ಕೊಡಲು ಮನಸ್ಸಿರಲಿಲ್ಲ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಗೋಂದು ಹಚ್ಚಿ ಅಂಟಿಸಿದೆ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಸ್ಕ್ರೂ ಬಿಗಿದು ಅರ್ಥ್ ಕೊಟ್ಟೆ. ಅಫಜಲಪುರ ಕಡೆಯ ಹಳ್ಳಿಯೊಂದರ ಮದುವೆಯಲ್ಲಿ, ಏಪ್ರಿಲ್ ಬಿಸಿಲಿಗೆ ಗೋಂದು ಕರಗಿ ಹಾಳೆ ಎದ್ದು ಸ್ವಿಚ್‌ನ ಕಾಲಿಗೆ ತಾಗಿತು. ನಡು ಹಾಡಿನಲ್ಲಿ ಗಿಟಾರ್ ಸತ್ತಿತು. ಸೋಲೋ ಭಾಗವನ್ನು ಕಾಕಾ ಕೀಬೋರ್ಡಿನಲ್ಲಿ ನುಡಿಸಿದರು. ಆ ರಾತ್ರಿ ನನಗೆ ಬರಬೇಕಿದ್ದ 1,200ರಲ್ಲಿ 300 ಕಡಿತವಾಯಿತು.

ಬುದ್ಧಿ ಬಂದದ್ದು ಆಮೇಲೆ. ಸದ್ದು ಒಂದಲ್ಲ, ಎರಡು ಎಂಬುದು ಕಿವಿಗೆ ಬಿದ್ದದ್ದೇ ಆಗ. ಒಂದು ‘ಚರ್’ ಎನ್ನುವುದು: ಡಿಮ್ಮರ್, ಟ್ಯೂಬ್‌ಲೈಟ್ ಇವುಗಳ ಸದ್ದು. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ. ಇನ್ನೊಂದು ಗೊಂಯ್: 50 ಹರ್ಟ್ಸ್‌ನದು, ಟ್ರಾನ್ಸ್‌ಫಾರ್ಮರುಗಳಿಂದ ಬರುವಂಥದ್ದು. ತಂತಿ ಮುಟ್ಟಿದರೂ ಹೋಗದು, ಆದರೆ ಗಿಟಾರ್ ಹಿಡಿದು ನಿಂತಲ್ಲೇ ತಿರುಗಿದರೆ ಏರುತ್ತದೆ, ಇಳಿಯುತ್ತದೆ. ತಾಮ್ರದ ಹೊದಿಕೆ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದಕ್ಕೆ ಅದು ಲೆಕ್ಕಕ್ಕೇ ಇಲ್ಲ. ಶೀಲ್ಡಿಂಗ್ ಮಾಡಿಯೂ ಗೊಂಯ್ ಹೋಗಲಿಲ್ಲ ಎಂದು ಅಳುವವರೆಲ್ಲ ಇವೆರಡನ್ನು ಒಂದೇ ಎಂದುಕೊಂಡವರು. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಸಾಮಾನಿಗೆ ಹೈದರಾಬಾದಿನ ಕೋಠಿಗೆ ಹೋದೆ. ಗುಜರಾತಿ ಗಲ್ಲಿಯಲ್ಲಿ ತಾಮ್ರದ ಟೇಪು, ವೈರು, ಕಂಡೆನ್ಸರ್ ಸಿಕ್ಕವು, ಎಲ್ಲ ಸೇರಿ 600 ಆಗಿರಬೇಕು. ದೊಡ್ಡ ಪಾಟ್‌ಗಳನ್ನು, ಎ250ಕೆ (ಎ ಎಂದರೆ ವಾಲ್ಯೂಮ್ ಕಿವಿಗೆ ಸಮನಾಗಿ ಏರಿಳಿಯುವ ಬಗೆ), ಬೆಂಗಳೂರಿನಿಂದ ತರಿಸಿದೆ. ಒಂದಕ್ಕೆ 400ರ ಆಸುಪಾಸು. ಪಿಕಪ್ ಆಯುವ, ತೆರೆದ ಚೌಕಟ್ಟಿನ ಐದು ಸ್ಥಾನದ ಸ್ವಿಚ್ಚಿಗೆ 900 ಇರಬಹುದು. ಹಳೆಯ ರಂಧ್ರ ಏಳೋ ಎಂಟೋ ಮಿಲಿಮೀಟರ್, ಹೊಸ ಪಾಟ್‌ಗೆ ಒಂಬತ್ತೂವರೆ ಬೇಕು. ಸಾಧಾರಣ ಡ್ರಿಲ್ ಬಿಟ್ ಹಾಕಬೇಡಿ. ಅದು ಪ್ಲಾಸ್ಟಿಕ್ಕನ್ನು ಕಚ್ಚಿ ಎಳೆಯುತ್ತದೆ. ನನ್ನ ಪಿಕ್‌ಗಾರ್ಡಿನಲ್ಲಿ ಟೋನ್ ಗುಂಡಿಯ ಬಳಿ ಈಗಲೂ ಒಂದು ಸೀಳು ಇದೆ. ಉಳಿದೆರಡನ್ನು ಕೈಯಿಂದ ರೀಮರ್ ತಿರುಗಿಸಿ ಮಾಡಿದೆ. ತೆರೆದ ಸ್ವಿಚ್ ಸ್ವಲ್ಪ ಆಳಕ್ಕೆ ಇಳಿಯುವುದರಿಂದ ಅದರ ಕಾಲುಗಳು ತಳದ ತಾಮ್ರಕ್ಕೆ ತಾಗಿದವು. ಮತ್ತೆ ಅಫಜಲಪುರದ ಕಥೆಯೇ ಆಗುತ್ತಿತ್ತು, ಈ ಸಲ ಮನೆಯಲ್ಲೇ ಗೊತ್ತಾಯಿತು. ಇನ್ಸುಲೇಷನ್ ಟೇಪ್ ಹಚ್ಚಿದೆ.

ಪಾಟ್‌ನ ಬೆನ್ನಿಗೆ ಬೆಸುಗೆ ಹಾಕಲು 25 ವ್ಯಾಟಿನ ಐರನ್ ಸಾಲದು. ಬಿಸಿ ಏರುವಷ್ಟರಲ್ಲಿ ಒಳಗಿನ ಪಟ್ಟಿ ಬೆಂದು ಒಂದು ಪಾಟ್ ಹೋಯಿತು, 400 ನೀರುಪಾಲು. ನಮ್ಮ ಓಣಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಚಾಚಾ ಒಬ್ಬರಿದ್ದಾರೆ. ನನ್ನ ಪಾಡು ನೋಡಿ ಕಲಾಯಿಗೆ ಬಳಸುವ ಉಪ್ಪು, ನವಸಾಗರ, ಒಂದು ಚಿಟಿಕೆ ಕೊಟ್ಟರು. ಬೆಸುಗೆ ಬೆಣ್ಣೆಯಂತೆ ಹರಿಯಿತು, ಕನ್ನಡಿಯಂತೆ ಹೊಳೆಯಿತು. ನಾಲ್ಕು ತಿಂಗಳಿಗೆ ವೈರಿನ ಬುಡದಲ್ಲಿ ಹಸಿರು ಹೂ ಬಿಟ್ಟು ಕರಕರ ಶುರುವಾಯಿತು. ಪಾತ್ರೆಯನ್ನಾದರೆ ತೊಳೆಯಬಹುದು, ಪಾಟನ್ನು ತೊಳೆಯುವುದು ಹೇಗೆ? ಈಗ 60 ವ್ಯಾಟಿನ ಐರನ್, ಬೆನ್ನನ್ನು ಮೊದಲು ಉಜ್ಜುವುದು, ಎರಡೇ ಸೆಕೆಂಡು.

ನವಸಾಗರ ಎಂದಾಗ ನೆನಪಾಯಿತು. ಬೀದರಿನಲ್ಲಿ ಕೋಟೆಯ ಮಣ್ಣಿನ ಜೊತೆ ಅದನ್ನೇ ಬೆರೆಸಿ ಬಿದರಿ ಸಾಮಾನನ್ನು ಕಪ್ಪಾಗಿಸುತ್ತಾರೆ. ಗಿಟಾರಿಗೆ ಬಿದರಿ ಗುಂಡಿಗಳಿದ್ದರೆ ಹೇಗೆ ಎಂಬ ಹುಚ್ಚು ಹಿಡಿದು ರೈಲು ಹತ್ತಿ ಹೋಗಿ ಮೂರು ಗುಂಡಿ ಮಾಡಿಸಿಕೊಂಡು ಬಂದೆ, ಬೆಳ್ಳಿ ತಂತಿಯ ಬಳ್ಳಿ ಕೆತ್ತಿಸಿ. 1,800 ಆಯಿತು. ಗುಂಡಿ ಕೂರುವ ಕಡ್ಡಿಯಲ್ಲಿ ಹಳೆಯ ಪಾಟ್‌ನ ಹಲ್ಲು 18, ಹೊಸದರ ಹಲ್ಲು 24. ಗುಂಡಿಗೆ ಹಲ್ಲೇ ಇಲ್ಲ, ಬರೀ ಗುಂಡು ರಂಧ್ರ. ಪಕ್ಕದಲ್ಲಿ ಸಣ್ಣ ಸ್ಕ್ರೂ ಕೂರಿಸಿ ವಾಲ್ಯೂಮಿಗೆ ಮಾತ್ರ ಹಾಕಿದ್ದೇನೆ. ಉಳಿದೆರಡು ದೇವರ ಮನೆಯಲ್ಲಿವೆ.

ಟೋನ್ ಗುಂಡಿ ಇಳಿಸಿದಾಗ ತೀಕ್ಷ್ಣ ದನಿಯನ್ನು ಕಳೆಯುವ ಕಂಡೆನ್ಸರ್ ಬಗ್ಗೆಯೂ ಹೇಳಿಬಿಡುತ್ತೇನೆ. ಹಳೆಯ ವಾಲ್ವ್ ರೇಡಿಯೋದಿಂದ ಕಿತ್ತ 0.022 ಮೈಕ್ರೋಫ್ಯಾರಡ್‌ನದನ್ನೂ ಮೂರು ರೂಪಾಯಿಯ ಹಸಿರು ಮೈಲಾರ್ ಕಂಡೆನ್ಸರನ್ನೂ ಹಾಕಿ, ಅಕ್ಕನ ಮಗನಿಗೆ ಬೆನ್ನು ತಿರುಗಿಸಿ ಕೂರಲು ಹೇಳಿ ನುಡಿಸಿದೆ. ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. 0.047 ಹಾಕಿದಾಗ ಮಾತ್ರ ದನಿ ಮಂದವಾದದ್ದು ಇಬ್ಬರಿಗೂ ತಿಳಿಯಿತು. ಹಳೆಯದೆಂದು ಹೆಚ್ಚು ದುಡ್ಡು ಕೇಳುವವರಿಗೆ ಕೈಮುಗಿಯಿರಿ.

ಇಷ್ಟಾದ ಮೇಲೆ ಚರ್ ಹೋಯಿತು, ಗೊಂಯ್ ಉಳಿಯಿತು. ಸ್ವಿಚ್ಚಿನ ಎರಡು ಮತ್ತು ನಾಲ್ಕನೆಯ ಸ್ಥಾನದಲ್ಲಿ ಎರಡು ಪಿಕಪ್ ಕೂಡುತ್ತವಲ್ಲ, ನಡುವಿನದು ತಿರುವುಮುರುವಾಗಿದ್ದರೆ ಅಲ್ಲಿ ಗೊಂಯ್ ಪರಸ್ಪರ ಕಳೆದುಹೋಗಬೇಕು. ನನ್ನದರಲ್ಲಿ ಹೋಗುತ್ತಿರಲಿಲ್ಲ. ಬಿಚ್ಚಿ ಮುಖಕ್ಕೆ ಮುಖ ಹಿಡಿದರೆ ಮೂರೂ ಒಂದನ್ನೊಂದು ತಳ್ಳಿದವು, ಅಂದರೆ ಮೂರೂ ಒಂದೇ ಧ್ರುವ. ಕಾರ್ಖಾನೆಯಲ್ಲಿ ಒಂದೇ ಬುಟ್ಟಿಯಿಂದ ಎತ್ತಿ ಹಾಕಿದ್ದಾರೆ.

ಕಾಯಸ್ಕಾಂತ ಪಟ್ಟಿಯನ್ನು ತೆಗೆದು ತಿರುವಿದರಾಯಿತು, ಹೊಸ ಪಿಕಪ್ ಬೇಕಿಲ್ಲ ಎಂದೆ. ಕಾಕಾ ನಕ್ಕರು. ಕಪಾಟಿನ ಡಬ್ಬಿ ಹೊರಗೆ ಬಂತು. ಮೊದಲನೆಯದನ್ನು ಸ್ಕ್ರೂಡ್ರೈವರಿನಿಂದ ಮೀಟಿದೆ, ತುದಿ ಜಾರಿ ಕಾಯಿಲ್ ಹರಿಯಿತು. ಕೂದಲಿಗಿಂತ ತೆಳುವಾದ ತಂತಿ ಅದು, ಮೀಟರ್ ಏನೂ ತೋರಿಸಲಿಲ್ಲ. ಎರಡನೆಯದಕ್ಕೆ ಬಿಸಿಗಾಳಿ ಬಿಟ್ಟೆ, ಪ್ಲಾಸ್ಟಿಕ್ ಹಪ್ಪಳದಂತೆ ಸೊಟ್ಟಗಾಯಿತು. ಮೂರನೆಯದರ ಪಟ್ಟಿ ಅಚ್ಚುಕಟ್ಟಾಗಿ ಬಿಟ್ಟಿತು. ಅಂಟನ್ನು ಯಾವುದರಿಂದ ಬಿಡಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ. ಪಟ್ಟಿಯನ್ನು ತಿರುವಿ ಅಂಟಿಸಿ ದಿಕ್ಸೂಚಿ ಹಿಡಿದರೆ ಮುಳ್ಳು ಮೊದಲಿನ ಕಡೆಗೇ ನಿಂತಿತು. ಒಂದು ಗಂಟೆ ತಲೆ ಕೆಟ್ಟಿತು. ಆಮೇಲೆ ಹೊಳೆಯಿತು: ನಾನು ಪಟ್ಟಿಯ ಎಡ ತುದಿಯನ್ನು ಬಲಕ್ಕೆ ತಂದಿದ್ದೆ, ಅಷ್ಟೇ. ತಿರುವಬೇಕಾದದ್ದು ದೋಸೆ ಮಗುಚಿದಂತೆ, ಕೆಳಗಿನ ಮುಖ ಮೇಲಕ್ಕೆ.

ಕೈ ಪಳಗಿದ ಮೇಲೆ ನನ್ನ ನಡುವಿನ ಪಿಕಪ್ಪಿಗೆ ಅದನ್ನೇ ಮಾಡಿದೆ. ಬರೀ ಕಾಯಸ್ಕಾಂತ ಮಗುಚಿದರೆ ದನಿ ಮೂಗಿನಿಂದ ಹಾಡಿದಂತೆ ತೆಳ್ಳಗಾಗುತ್ತದೆ. ಅದರ ಎರಡು ವೈರುಗಳನ್ನೂ ಅದಲು ಬದಲು ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆತವರೇ ಇದೆಲ್ಲ ಸುಳ್ಳು ಎನ್ನುವುದು.

ಜೇವರ್ಗಿ ರಸ್ತೆಯ ಕಲ್ಯಾಣ ಮಂಟಪ, ಕರೆಂಟ್ ಹೋಗಿ ಜನರೇಟರ್ ಮೇಲೆ ನಡೆಯುತ್ತಿತ್ತು, ದೀಪಗಳೆಲ್ಲ ಉರಿಯುತ್ತಿದ್ದವು. ಸ್ವಿಚ್ಚನ್ನು ನಾಲ್ಕಕ್ಕೆ ಇಟ್ಟು ತಂತಿಯಿಂದ ಕೈ ತೆಗೆದೆ. ಕಾಕಾ ಬಗ್ಗಿ ನನ್ನ ಕೇಬಲ್ ಕಳಚಿದೆಯೇ ಎಂದು ನೋಡಿದರು. ಒಂದು ತಂತಿ ಮೀಟಿ ತೋರಿಸಿದೆ.

ಹಾಳಾದ ಸೆಟ್ಟು, ಸುಟ್ಟ ಪಾಟ್ ಎಲ್ಲ ಸೇರಿದರೂ 6,000 ದಾಟಿಲ್ಲ, ಬಿದರಿ ಗುಂಡಿ ಬಿಟ್ಟು. ಒಂದು, ಮೂರು, ಐದನೆಯ ಸ್ಥಾನಗಳಲ್ಲಿ ಗೊಂಯ್ ಇನ್ನೂ ಇದೆ, ಅಲ್ಲಿ ಒಂದೇ ಕಾಯಿಲ್ ಇರುವುದರಿಂದ ಇರಲೇಬೇಕು. ಹಾಡುಗಳ ನಡುವೆ ಸ್ವಿಚ್ಚನ್ನು ನಾಲ್ಕಕ್ಕೆ ತಳ್ಳುವುದು ಈಗ ಅಭ್ಯಾಸವಾಗಿದೆ. ಹೋದ ವಾರ ಕಾಕಾ ತಮ್ಮ ಅಳಿಯನ ಗಿಟಾರ್ ತಂದು ಮೇಜಿನ ಮೇಲಿಟ್ಟು ಹೋಗಿದ್ದಾರೆ. ಕೂಲಿ 700 ಎಂದಿದ್ದೇನೆ, ಇನ್ನೂ ಹೂಂ ಎಂದಿಲ್ಲ.