ಬೆಂಗಳೂರಿಗೆ ಬಂದ ಮನೆತನದ ಜಾಡು ಹಿಡಿಯುವ ಬಗೆ

ಬೆಂಗಳೂರಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿರುವವರನ್ನು "ನಿಮ್ಮದು ಯಾವ ಊರು?" ಎಂದು ಕೇಳಿದರೂ ಬೆಂಗಳೂರು ಎಂಬ ಉತ್ತರ ಸುಲಭಕ್ಕೆ ಬರುವುದಿಲ್ಲ. ಮಾಗಡಿ ಕಡೆ, ಕೋಲಾರದ ಕಡೆ, ಧರ್ಮಪುರಿ ಕಡೆ, ಕುಂದಾಪುರದ ಕಡೆ ಎಂದು ಒಂದು "ಕಡೆ" ಬರುತ್ತದೆ. ಆ ಕಡೆಯೊಳಗಿನ ಊರು ಯಾವುದು, ಅಲ್ಲಿ ನಮ್ಮ ಮನೆ ಯಾವುದಾಗಿತ್ತು, ಯಾರು ಯಾವ ವರ್ಷ ಯಾವ ಕಾರಣಕ್ಕೆ ಅದನ್ನು ಬಿಟ್ಟು ಬಂದರು ಎಂಬುದನ್ನು ತಿಳಿಯಲು ಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆತನದ ಜಾಡನ್ನು ಹುಡುಕುತ್ತಾ ಕೆಲವು ವರ್ಷ ಕಳೆದ ಮೇಲೆ ನನಗೆ ಮನದಟ್ಟಾದ ಸಂಗತಿ ಒಂದಿದೆ: ಹಿರಿಯರ ಮಾತು ಊರು ಬಿಟ್ಟ ಕಾರಣವನ್ನು ಉಳಿಸಿಕೊಂಡಿರುತ್ತದೆ, ಕಾಗದ ಕಾಲವನ್ನು ಉಳಿಸಿಕೊಂಡಿರುತ್ತದೆ, ಆದ್ದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳೆಂದು ಹೇಳಲು ಅವಸರಪಡಬಾರದು.

ಮೊದಲು ಹಿರಿಯರ ಬಳಿಗೆ ಹೋಗಿ. ತಾಲ್ಲೂಕು ಕಚೇರಿಯ ಕಡತ ಇನ್ನೊಂದು ವರ್ಷ ಕಾಯಬಲ್ಲದು; ತೊಂಬತ್ತು ದಾಟಿದ ಸೋದರತ್ತೆ ಕಾಯಲಾರರು. ಇಸವಿಯನ್ನು ನೇರವಾಗಿ ಕೇಳಿದರೆ ಬಹುಪಾಲು ಹಿರಿಯರು ತಡವರಿಸುತ್ತಾರೆ, ಅಥವಾ ನಿಮ್ಮ ಸಮಾಧಾನಕ್ಕೆಂದು ಯಾವುದೋ ಒಂದು ಇಸವಿಯನ್ನು ಹೇಳಿಬಿಡುತ್ತಾರೆ. ಅದರ ಬದಲು ಅವರ ನೆನಪಿನ ಸುತ್ತಲಿನ ಸಂಗತಿಗಳನ್ನು ಕೇಳಿ. ನೀವು ಈ ಮನೆಗೆ ಬಂದಾಗ ಕಾವೇರಿ ನೀರು ಬಂದಿತ್ತೇ ಎಂದು ಕೇಳಿದರೆ 1974ರ ಈಚೆಯೋ ಆಚೆಯೋ ಎಂಬುದು ತಿಳಿಯುತ್ತದೆ. ಗಾಂಧೀಜಿ ತೀರಿಕೊಂಡ ಸುದ್ದಿ ಬಂದಾಗ ಎಲ್ಲಿದ್ದಿರಿ ಎಂದರೆ 1948ರ ಜನವರಿಯ ಮನೆ ಯಾವುದೆಂದು ಗೊತ್ತಾಗುತ್ತದೆ. ಯುದ್ಧಕಾಲದ ರೇಷನ್ನು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ 1973, ತುರ್ತುಪರಿಸ್ಥಿತಿ, ಇವೆಲ್ಲ ಇಂಥದೇ ಗೂಟಗಳು. ಎದುರಿಗೆ ಮೈಕು ಹಿಡಿದು ಕುಳಿತರೆ ಹಿರಿಯರು ಭಾಷಣದ ದನಿಗೆ ಜಾರುತ್ತಾರೆ. ಅವರೆಕಾಳು ಹಿದುಕುತ್ತಾ, ಹಳೆಯ ಫೋಟೋಗಳನ್ನು ಮುಂದೆ ಹರಡಿಕೊಂಡು ಮಾತಾಡುವಾಗ, ಅನುಮತಿ ಕೇಳಿ ಫೋನನ್ನು ಪಕ್ಕದಲ್ಲಿಟ್ಟು ಧ್ವನಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಹೇಳಿದವರು ಯಾರು, ಎಂದು ಹೇಳಿದರು, ಕಣ್ಣಾರೆ ಕಂಡದ್ದೋ ಇನ್ನೊಬ್ಬರಿಂದ ಕೇಳಿದ್ದೋ ಎಂಬ ಮೂರು ವಿವರಗಳನ್ನು ಪ್ರತಿ ಸಂಗತಿಯ ಪಕ್ಕದಲ್ಲಿ ಅಂದೇ ಬರೆದಿಡಿ.

ಮನೆದೇವರು ಯಾವುದು ಎಂದು ಮರೆಯದೆ ಕೇಳಿ. ಊರು, ಜಮೀನು, ಕಸುಬು, ಕೆಲವೊಮ್ಮೆ ಮನೆಮಾತು ಕೂಡ ಬದಲಾಗಿದ್ದರೂ ಮನೆದೇವರನ್ನು ಬಿಟ್ಟ ಮನೆಗಳು ಕಡಿಮೆ. ಲಗ್ನಪತ್ರಿಕೆಯ ತಲೆಯಲ್ಲಿ "ಪ್ರಸನ್ನ" ಎಂದು ಅಚ್ಚಾಗಿರುವ ದೇವರ ಹೆಸರು ಹಲವು ಸಲ ಮೂಲ ಊರಿನ ಸುಳಿವೇ ಆಗಿರುತ್ತದೆ. ಆ ದೇವಸ್ಥಾನದ ಜಾತ್ರೆಗೆ ಹೋಗಿ, ಸೇವಾರ್ಥದ ಕಲ್ಲುಗಳ ಮೇಲಿನ ಹೆಸರುಗಳನ್ನು ಓದಿ, ನಿಮ್ಮ ಮನೆತನದವರು ಇನ್ನೆಲ್ಲಿಂದ ಬರುತ್ತಾರೆ ಎಂದು ಅರ್ಚಕರನ್ನು ವಿಚಾರಿಸಿ. ಹೆಸರಿನ ಹಿಂದಿನ ಇನಿಷಿಯಲ್ಲೂ ಹಾಗೆಯೇ. ಹಳೆ ಮೈಸೂರಿನ ಕಡೆ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು ಎಂಬ ರೂಢಿ ಬಹಳ ಮನೆಗಳಲ್ಲಿತ್ತು. ಆದರೆ ಆ ಊರು ಹುಟ್ಟಿದ ಊರೇ ಆಗಿರಬೇಕೆಂದಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಅವರ ಹೆಸರಿನ ಮೋಕ್ಷಗುಂಡಂ ಈಗಿನ ಆಂಧ್ರಪ್ರದೇಶದಲ್ಲಿರುವ, ಪೂರ್ವಿಕರ ಊರು. ಮನೆಯೊಳಗಿನ ಮಾತಿಗೂ ಕಿವಿಗೊಡಿ: ಎಲ್ಲರೂ ತಾತ ಎನ್ನುವ ಬೀದಿಯಲ್ಲಿ ಒಂದೇ ಮನೆಯವರು ಮುತ್ಯಾ, ಕಾಕಾ ಎನ್ನುತ್ತಿದ್ದರೆ ಅವರ ಬೇರು ಉತ್ತರದ ಜಿಲ್ಲೆಗಳಲ್ಲಿದೆ ಎಂದು ಊಹಿಸಿ ಮುಂದುವರಿಯಬಹುದು.

ಕಾಲವನ್ನು ನಿರ್ಣಯಿಸಲು ಜಾತಕಕ್ಕಿಂತ ಒಳ್ಳೆಯ ಕಾಗದ ಮನೆಯಲ್ಲಿ ಸಿಗುವುದು ಕಷ್ಟ. ಅದರಲ್ಲಿ ಇಸವಿ ಇಲ್ಲದಿದ್ದರೂ ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ ಇರುತ್ತವೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಇತ್ತೀಚಿನ ಯುಗಾದಿಯಿಂದ ಹಿಂದಕ್ಕೆ ಎಣಿಸಿದರೆ ಸಾಕು. 2018ರ ಯುಗಾದಿಗೆ ಶುರುವಾದದ್ದು ವಿಳಂಬಿ; ಹಾಗಾದರೆ 1958 ಮತ್ತು 1898 ಕೂಡ ವಿಳಂಬಿ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ದಿನಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತವೆ ಎಂಬುದನ್ನು ಮರೆಯಬಾರದು. ಹಿರಿಯರ ಬಾಯಲ್ಲಿ "ಧಾತು ಈಶ್ವರದ ಬರ" ಎಂದು ಬಂದರೆ ಅದು 1876ರಿಂದ 1878ರವರೆಗಿನ ಮಹಾಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಎಂದರೆ ಎಷ್ಟು ಮನೆಗಳು ಅಳಿದುಹೋಗಿರಬೇಕು, ಎಷ್ಟು ಮನೆಗಳು ಊರು ಬಿಟ್ಟಿರಬೇಕು ಎಂಬುದನ್ನು ನೀವೇ ಯೋಚಿಸಿ. ಆ ಹೆಸರು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುತ್ತಜ್ಜ ಮಾಗಡಿ ತಾಲ್ಲೂಕಿನ ಹಳ್ಳಿಯಿಂದ "ಪ್ಲೇಗಿನ ವರ್ಷ" ಬೆಂಗಳೂರಿಗೆ ಬಂದರು ಎಂದು ಅಜ್ಜಿ ಹೇಳುತ್ತಿದ್ದರು. ಬೆಂಗಳೂರಿನ ಪ್ಲೇಗು 1898ರ ಆಗಸ್ಟಿನಲ್ಲಿ ಕಾಣಿಸಿಕೊಂಡಿತೆಂದು ಓದಿ ತಿಳಿದಿದ್ದ ನಾನು ನೋಟುಪುಸ್ತಕದಲ್ಲಿ ಆ ಇಸವಿಯನ್ನೇ ಬರೆದುಕೊಂಡೆ. ಆಮೇಲೆ ಸಿಕ್ಕ ತಾತನ ಜಾತಕದಲ್ಲಿ ಪ್ಲವಂಗ ಸಂವತ್ಸರ, ಹುಟ್ಟಿದ ಸ್ಥಳ ಅದೇ ಹಳ್ಳಿ ಎಂದಿತ್ತು. ಪ್ಲವಂಗವೆಂದರೆ 1907–08. ಅಂದರೆ ಪೇಟೆಯ ಪ್ಲೇಗಿಗೆ ಒಂಬತ್ತು ವರ್ಷದ ಬಳಿಕವೂ ಮನೆ ಹಳ್ಳಿಯಲ್ಲೇ ಇತ್ತು. ಅಜ್ಜಿಯ ಮಾತು ತಪ್ಪೆಂದು ಗೆರೆ ಹೊಡೆಯುವ ಮುನ್ನ ದೊಡ್ಡತ್ತೆಯನ್ನು ಮತ್ತೆ ಕೇಳಿದೆ. "ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇದ್ದರಂತೆ ಕಣಪ್ಪ, ತಿರುಗಿ ಮನೆಯೊಳಕ್ಕೆ ಹೋಗಲೇ ಇಲ್ಲವಂತೆ" ಎಂದರು. ಪ್ಲೇಗು 1898ರಲ್ಲಿ ಬಂದು ಮುಗಿದುಹೋದದ್ದಲ್ಲ. ಮುಂದಿನ ಹಲವು ವರ್ಷ ಹಳ್ಳಿಗಳಿಗೂ ಮರಳಿ ಮರಳಿ ಬಂತು, ಜನ ಮನೆ ಖಾಲಿ ಮಾಡಿ ಬಯಲಿನಲ್ಲಿ ಬಿಡಾರ ಹೂಡಿದರು. ಅಷ್ಟಕ್ಕೂ 1898ರಲ್ಲಿ ಪೇಟೆಯ ಜನರೇ ಊರು ಬಿಟ್ಟು ಓಡುತ್ತಿದ್ದಾಗ ಹಳ್ಳಿಯವರು ಅಲ್ಲಿಗೇಕೆ ಬಂದಾರು? ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳಲ್ಲಿ ಜನ ತುಂಬಿಕೊಂಡದ್ದೂ ಆ ಪ್ಲೇಗಿನ ಬಳಿಕವೇ. ಅಜ್ಜಿಯ ಮಾತು ಸರಿಯಾಗಿತ್ತು. ಯಾವ ಪ್ಲೇಗು, ಎಲ್ಲಿಯ ಪ್ಲೇಗು ಎಂದು ಕೇಳದೆ ಹೋದದ್ದು ನನ್ನ ತಪ್ಪು.

ಮರಣದ ಸುದ್ದಿ ಬದುಕಿನ ಬಗ್ಗೆ ಹೇಳುವಷ್ಟನ್ನು ಬೇರೆ ಕಾಗದಗಳು ಹೇಳುವುದಿಲ್ಲ. 1948ರಲ್ಲಿ ಆರಂಭವಾದ ಪ್ರಜಾವಾಣಿಯಂಥ ಪತ್ರಿಕೆಗಳ ನಿಧನವಾರ್ತೆ, ಶ್ರದ್ಧಾಂಜಲಿ ಮತ್ತು ಪುಣ್ಯಸ್ಮರಣೆಯ ಪ್ರಕಟಣೆಗಳನ್ನು ಓದುವಾಗ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. "ಸ್ವಗ್ರಾಮದ ತೋಟದಲ್ಲಿ ಅಂತ್ಯಕ್ರಿಯೆ" ಎಂದಿದ್ದರೆ ಅಲ್ಲಿ ಆ ಹೊತ್ತಿಗೂ ಜಮೀನಿತ್ತು, ಸಮಾಧಿಯ ಕಲ್ಲು ಇರಬಹುದು, ಪಹಣಿ ಸಿಗಬಹುದು ಎಂದರ್ಥ. ಕಾರ್ಯಕ್ಕೆ ವೈಕುಂಠ ಸಮಾರಾಧನೆ ಎಂದಿದ್ದಾರೆಯೇ, ಶಿವಗಣಾರಾಧನೆ ಎಂದಿದ್ದಾರೆಯೇ, ಹಾಲು ತುಪ್ಪ ಎಂದಿದ್ದಾರೆಯೇ ಎಂಬುದು ಸಂಪ್ರದಾಯವನ್ನು ತಿಳಿಸುತ್ತದೆ. ಅಳಿಯಂದಿರ, ಬೀಗರ ಹೆಸರುಗಳು ಹೊಸ ಕವಲುಗಳಿಗೆ ದಾರಿ ತೋರುತ್ತವೆ. "ಐದನೇ ವರ್ಷದ ಪುಣ್ಯಸ್ಮರಣೆ" ಎಂಬ ಒಂದೇ ಸಾಲಿನಿಂದ ತೀರಿಕೊಂಡ ವರ್ಷವನ್ನು ಲೆಕ್ಕ ಹಾಕಬಹುದು. ವಯಸ್ಸನ್ನು ಮಾತ್ರ ಅಷ್ಟಾಗಿ ನಂಬಬೇಡಿ. ದುಡ್ಡು ಕೊಟ್ಟು ಪ್ರಕಟಣೆ ಹಾಕಿಸುವ ಶಕ್ತಿ ಎಲ್ಲ ಮನೆಗಳಿಗೂ ಇರಲಿಲ್ಲವಾದ್ದರಿಂದ ಪತ್ರಿಕೆಯಲ್ಲಿ ಸಿಗದಿದ್ದರೆ ನಿರಾಶರಾಗಬೇಕಿಲ್ಲ. ಮೂಲೆಗೆ ಕಪ್ಪು ಹಚ್ಚಿದ ಅಂಚೆ ಕಾರ್ಡು ನೆಂಟರ ಮನೆಯ ಟ್ರಂಕಿನಲ್ಲಿರಬಹುದು, ಆದರೆ ಸಾವಿನ ಕಾರ್ಡನ್ನು ಮನೆಯಲ್ಲಿಡಬಾರದೆಂದು ಹರಿದುಹಾಕುತ್ತಿದ್ದವರೇ ಹೆಚ್ಚು. ತಿಥಿ ಮಾಡುವ ಮನೆಗಳಲ್ಲಿ ಪುರೋಹಿತರ ನೋಟುಪುಸ್ತಕವನ್ನು ವಿನಯದಿಂದ ಕೇಳಿ ನೋಡಿ. ಪಿಂಡಪ್ರದಾನದಲ್ಲಿ ಮೂರು ತಲೆಮಾರಿನ ಹೆಸರು ಹೇಳಲೇಬೇಕಾಗಿರುವುದರಿಂದ ಬೇರೆ ಯಾವ ಕಡತದಲ್ಲೂ ಉಳಿಯದ ಹೆಸರು ಅಲ್ಲಿ ಉಳಿದಿರುತ್ತದೆ. ಸತ್ತ ವರ್ಷ ಮರೆತ ಮನೆಯಲ್ಲೂ ಮಾಸ, ಪಕ್ಷ, ತಿಥಿ ಮರೆತಿರುವುದಿಲ್ಲ.

ಇನ್ನು ಸರ್ಕಾರಿ ದಾಖಲೆ. ಹಳ್ಳಿಯ ಹೆಸರಿನೊಂದಿಗೆ ಹೋಬಳಿ, ತಾಲ್ಲೂಕು ತಿಳಿಯದೆ ಹೊರಡಬೇಡಿ. ಹೊಸಹಳ್ಳಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೆಯ ಪಹಣಿ, ಮ್ಯುಟೇಷನ್ ರಿಜಿಸ್ಟರ್‌ಗಳಿರುತ್ತವೆ. ನಿಮಗೆ ಮುಖ್ಯವಾಗಿ ಬೇಕಾದದ್ದು ಪೌತಿ ಖಾತೆಯ ನಮೂದು: ಖಾತೆದಾರ ತೀರಿಕೊಂಡಾಗ ಯಾರು ಯಾರಿಗೆ ವಾರಸುದಾರರು ಎಂಬುದನ್ನು ಬರೆದು ಖಾತೆ ಬದಲಿಸುವ ಈ ನಮೂದು ಒಂದೇ ಪುಟದಲ್ಲಿ ಒಂದು ಸಾವನ್ನೂ ಒಂದು ವಂಶವನ್ನೂ ಕಾಣಿಸುತ್ತದೆ. ವಿಭಾಗಪತ್ರ, ಕ್ರಯಪತ್ರಗಳಲ್ಲಿ ಚಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಗಮನವಿಟ್ಟು ಓದಿ. ಪಕ್ಕದ ಜಮೀನಿನವರು ಹಲವು ಸಲ ದಾಯಾದಿಗಳೇ ಆಗಿರುತ್ತಾರೆ. ದೃಢೀಕೃತ ನಕಲಿಗೆ ಲಿಖಿತ ಅರ್ಜಿ ಕೊಡಿ, ಇಲ್ಲವೆಂದರೆ ಇಲ್ಲವೆಂದು ಹಿಂಬರಹ ಕೇಳಿ ಪಡೆಯಿರಿ. ಒಂದು ಕಚೇರಿಯಲ್ಲಿ ನನಗೆ ಬಾಯಿಮಾತಿನಲ್ಲಿ ಮೂರು ಸಲ "ಇಲ್ಲ" ಎಂದ ಪುಸ್ತಕ, ಹಿಂಬರಹ ಕೇಳಿದ ಮರುವಾರ ಸಿಕ್ಕಿತು. ಶಾಲೆಯ ದಾಖಲಾತಿ ರಿಜಿಸ್ಟರೂ ಉಪಯುಕ್ತ, ಆದರೆ ಅಲ್ಲಿನ ಹುಟ್ಟಿದ ದಿನ ಎಷ್ಟೋ ಸಲ ಮೇಷ್ಟ್ರು ಅಂದಾಜಿನಿಂದ ಬರೆದದ್ದು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಕೆಲಸಕ್ಕೆಂದು 1940 ಮತ್ತು 50ರ ದಶಕಗಳಲ್ಲಿ ಬಂದವರ ಮನೆಗಳಲ್ಲಿ ನೇಮಕಾತಿ ಪತ್ರ, ಪಿಎಫ್ ಚೀಟಿ, ಕ್ವಾರ್ಟರ್ಸಿನ ಕಾಗದಗಳನ್ನು ಹುಡುಕಿ.

ಇಲ್ಲಿ ಬಹಳ ಜನ ಎಡವುವುದು ಗಡಿಯ ವಿಷಯದಲ್ಲಿ. 1949ರವರೆಗೆ ಬೆಂಗಳೂರಿಗೆ ಎರಡು ಪುರಸಭೆಗಳಿದ್ದವು: ಮೈಸೂರು ಸಂಸ್ಥಾನದ ಪೇಟೆ ಒಂದು, 1947ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದ ದಂಡು, ಅಂದರೆ ಕಂಟೋನ್ಮೆಂಟು, ಇನ್ನೊಂದು. ಶಿವಾಜಿನಗರ, ಹಲಸೂರಿನ ಕಡೆಯ ಮನೆತನದ ಕಾಗದವನ್ನು ಸಂಸ್ಥಾನದ ಕಡತಗಳಲ್ಲಷ್ಟೇ ಹುಡುಕಿದರೆ ಸಿಗುವುದಿಲ್ಲ. ದಂಡಿನ ಕ್ರೈಸ್ತ ಕುಟುಂಬದವರಾದರೆ ಮೊದಲು ಆಯಾ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿಯ ಪುಸ್ತಕಗಳನ್ನು ನೋಡಿ. ಮದ್ರಾಸು ಪ್ರಾಂತದ ಚರ್ಚುಗಳಿಂದ ಕಳುಹಿಸಿದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದೇ ರೀತಿ 1956ಕ್ಕೆ ಮುಂಚೆ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮಂಗಳೂರು ಮದ್ರಾಸಿನಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ, ಕೊಡಗು ತಾನೇ ಬೇರೆ. ಜಿಲ್ಲಾ ಮಟ್ಟದಲ್ಲಿ ಸಿಗದ ಹಳೆಯ ಕಡತ ಚೆನ್ನೈಯಲ್ಲೋ ಮುಂಬಯಿಯಲ್ಲೋ ಇರಬಹುದು. ಉತ್ತರದ ಹಳೆಯ ಕಾಗದ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಹಡಗು ಹತ್ತಿ ಹೋದವರೊಬ್ಬರು ನಿಮ್ಮ ಮನೆಯ ಕತೆಯಲ್ಲಿದ್ದರೆ, 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನೇಟಾಲಿಗೆ ಹೋದ ಕೂಲಿಗಳ ಹಡಗುಪಟ್ಟಿಯಲ್ಲಿ ತಂದೆಯ ಹೆಸರು, ಜಿಲ್ಲೆ, ಹಳ್ಳಿಯ ಕಲಮುಗಳಿವೆ; ಮಾರಿಷಸ್ಸಿಗೆ ಹೋದವರ ದಾಖಲೆ ಅಲ್ಲಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ.

ಕಚೇರಿಗಳಿಗಿಂತ ಹಳೆಯ ದಾಖಲೆದಾರರು ನಮ್ಮಲ್ಲೇ ಇದ್ದಾರೆ. ಹೆಳವರು ಸುಗ್ಗಿಯ ಕಾಲದಲ್ಲಿ ಎತ್ತಿನೊಂದಿಗೆ ಒಕ್ಕಲು ಮನೆಗಳಿಗೆ ಬಂದು ವಂಶಾವಳಿಯನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಕಾಣಿಕೆ ಪಡೆದು ಹೋಗುವವರು. ಬೆಂಗಳೂರಿಗೆ ಬಂದ ಮನೆಗಳನ್ನು ಅವರು ಹುಡುಕಿಕೊಂಡು ಬರುವುದು ಅಪರೂಪ. ಹಳ್ಳಿಯಲ್ಲಿ ಉಳಿದ ದಾಯಾದಿಗಳನ್ನು ಕೇಳಿದರೆ ಹೆಳವರು ಯಾವ ತಿಂಗಳು ಬರುತ್ತಾರೆಂದು ತಿಳಿಯುತ್ತದೆ, ಆ ದಿನ ನೀವೇ ಅಲ್ಲಿಗೆ ಹೋಗಬೇಕು. ಹೋದಾಗ ಸಲ್ಲಬೇಕಾದ ಕಾಣಿಕೆಯನ್ನು ಧಾರಾಳವಾಗಿ ಸಲ್ಲಿಸಿ, ಅದು ತಲೆಮಾರುಗಳ ದುಡಿಮೆ. ಕಾಶಿ, ಗಯಾ, ಹರಿದ್ವಾರಕ್ಕೆ ಹೋಗಿಬಂದ ಹಿರಿಯರಿದ್ದರೆ ಅಲ್ಲಿನ ಪಂಡಾಗಳು, ಅಂದರೆ ಕ್ಷೇತ್ರದ ಪುರೋಹಿತರು, ಯಾತ್ರಿಕರ ಹೆಸರು ಬರೆದಿಡುವ ವಹಿಯಲ್ಲಿ ಅವರ ಕೈಬರಹವೇ ಸಿಗಬಹುದು.

ಹುಡುಕುತ್ತಾ ಹೋದಂತೆ ಮನೆಯವರು ಮುಚ್ಚಿಟ್ಟದ್ದೂ ಎದುರಾಗುತ್ತದೆ: ದತ್ತು, ಎರಡನೆಯ ಸಂಸಾರ, ಬಾಡಿಗೆ ಮನೆ ಸಿಗಲೆಂದು ನಗರದಲ್ಲಿ ಬದಲಿಸಿಕೊಂಡ ಜಾತಿಯ ಹೆಸರು. ಆ ಹೆಸರನ್ನು ಬದಲಿಸಬೇಕಾಗಿ ಬಂದವರ ಅವಮಾನವನ್ನು ನೆನೆದು, ಬದುಕಿರುವವರ ಒಪ್ಪಿಗೆಯಿಲ್ಲದೆ ಇಂಥದನ್ನು ವಂಶವೃಕ್ಷದಲ್ಲಿ ಬರೆದು ಹಂಚಬೇಡಿ. ನಿಮ್ಮ ನೋಟುಪುಸ್ತಕದಲ್ಲಿ ಮಾತ್ರ ನಿಜವನ್ನೇ ಬರೆದಿಡಿ.

ಹೆಂಗಸರ ಜಾಡು ಎಲ್ಲಕ್ಕಿಂತ ಕಷ್ಟ, ಅದಕ್ಕೇ ಅದಕ್ಕೆ ಹೆಚ್ಚು ಸಮಯ ಮೀಸಲಿಡಿ. ಕೆಲವು ಮನೆಗಳಲ್ಲಿ ಮದುವೆಯ ದಿನ ಹೆಸರನ್ನೇ ಬದಲಿಸುತ್ತಿದ್ದರು. ಹಳೆಯ ಕಾಗದಗಳಲ್ಲಿ "ಇಂಥವರ ಹೆಂಡತಿ" ಎಂಬಷ್ಟಕ್ಕೇ ಅವರು ಮುಗಿದುಹೋಗುತ್ತಾರೆ. ತವರಿನ ಹೆಸರು ಪಹಣಿಯಲ್ಲೂ ಇಲ್ಲ, ಪೌತಿಯಲ್ಲೂ ಇಲ್ಲ. ಆದ್ದರಿಂದ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿ ನೋಡಿ. ಮದುವೆಗೆ ಕೊಟ್ಟ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಚಿನಲ್ಲಿ ಕೊಟ್ಟವರ ಹೆಸರನ್ನು ಕೊರೆಸುವ ರೂಢಿಯಿತ್ತು. ನಮ್ಮ ಮುತ್ತಜ್ಜಿಯ ತವರು ಯಾವುದೆಂದು ದೊಡ್ಡತ್ತೆಗೂ ತಿಳಿದಿರಲಿಲ್ಲ. ನೀರು ತುಂಬಿಡುತ್ತಿದ್ದ ಕೊಳಗದ ಕಂಠದಲ್ಲಿ ಅವರ ತಂದೆಯ ಹೆಸರೂ ಕುಣಿಗಲ್ ಸೀಮೆಯ ಒಂದು ಊರಿನ ಹೆಸರೂ ಚುಕ್ಕಿ ಚುಕ್ಕಿಯಾಗಿ ಕಂಡವು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ದೊಡ್ಡತ್ತೆಯೇ ಅದನ್ನು ಓದಿ ಹೇಳಿದರು.