ಚೆಂಡು ಎಲ್ಲಿ ಬೀಳುತ್ತದೆ? ಪ್ರೊಜೆಕ್ಟೈಲ್ ಲೆಕ್ಕ ಬಿಡಿಸುವ ಬಗೆ

ಪ್ರಥಮ ಪಿಯುಸಿಯಲ್ಲಿ ಪ್ರೊಜೆಕ್ಟೈಲ್ (ಎಸೆದ ವಸ್ತುವಿನ ಹಾರಾಟ) ಪಾಠ ಬಂದ ಕೂಡಲೇ ಮಕ್ಕಳು ಮೂರು ಸೂತ್ರ ಬಾಯಿಪಾಠ ಮಾಡುತ್ತಾರೆ: ಹಾರಾಟದ ಅವಧಿ, ಗರಿಷ್ಠ ಎತ್ತರ, ರೇಂಜ್ (ಅಡ್ಡಲಾಗಿ ಸಾಗುವ ದೂರ). ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮೂರೂ ಕೈಕೊಡುತ್ತವೆ. ಅವನ್ನು ಬದಿಗಿಟ್ಟು ಒಂದೇ ಮಾತು ಹಿಡಿದುಕೊಳ್ಳಿ: ಅಡ್ಡ ಚಲನೆ ಬೇರೆ, ಲಂಬ ಚಲನೆ ಬೇರೆ, ಎರಡಕ್ಕೂ ಸಮಯ ಮಾತ್ರ ಒಂದೇ.

ಹಾಕಿಯಿಂದಲೇ ಶುರು ಮಾಡೋಣ. 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡಿದವರಿಗೆ ಸ್ಕೂಪ್, ಅಂದರೆ ಚೆಂಡನ್ನು ಕೋಲಿನಿಂದ ಎತ್ತಿ ಗಾಳಿಯಲ್ಲಿ ಹಾರಿಸುವುದು, ಹೊಸದಲ್ಲ. ಚೆಂಡು ಗಂಟೆಗೆ 72 ಕಿ.ಮೀ. ವೇಗದಲ್ಲಿ, ನೆಲಕ್ಕೆ 37 ಡಿಗ್ರಿ ಕೋನದಲ್ಲಿ ಮೇಲೇಳಲಿ.

ಮೊದಲು ಏಕಮಾನ ಸರಿಮಾಡಿ. 72ನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 20 ಮೀಟರ್. ನಂತರ ಚಿತ್ರ ಬರೆದು, ಮೇಲ್ಮುಖ ಧನ ಎಂದು ಬಾಣ ಹಾಕಿ. ಹಾಗಾದರೆ ಗುರುತ್ವ ವೇಗೋತ್ಕರ್ಷ −10 (ಸುಲಭಕ್ಕೆ 9.8ರ ಬದಲು), ಕೊನೆಯ ಸಾಲಿನವರೆಗೂ ಅದೇ. ಚೆಂಡು ಇಳಿಯುವಾಗ ಚಿಹ್ನೆ ಬದಲಿಸುವುದೇ ಅತಿ ಹೆಚ್ಚು ಅಂಕ ನುಂಗುವ ತಪ್ಪು.

ಈಗ ವೇಗವನ್ನು ಒಡೆಯಿರಿ. ಕಾಸ್ 37 ಸುಮಾರು 0.8, ಸೈನ್ 37 ಸುಮಾರು 0.6. ಅಡ್ಡ ವೇಗ 16, ಲಂಬ ವೇಗ 12. ಕೋನವನ್ನು ನೆಲದಿಂದ ಅಳೆದಾಗ ಮಾತ್ರ ಅಡ್ಡಕ್ಕೆ ಕಾಸ್. ‘ಲಂಬದೊಂದಿಗೆ 53 ಡಿಗ್ರಿ’ ಎಂದು ಕೊಟ್ಟಿದ್ದರೆ ಸೈನ್, ಕಾಸ್ ಅದಲುಬದಲಾಗುತ್ತವೆ. ಪ್ರಶ್ನೆಪತ್ರಿಕೆಯಲ್ಲಿ ಈ ಬಲೆ ಆಗಾಗ ಇರುತ್ತದೆ.

ಲಂಬ ವೇಗ 12 ಇದ್ದದ್ದು ಸೆಕೆಂಡಿಗೆ 10ರಂತೆ ಕರಗಿ 1.2 ಸೆಕೆಂಡಿನಲ್ಲಿ ಸೊನ್ನೆ. ಇಳಿಯಲೂ ಅಷ್ಟೇ ಹೊತ್ತು, ಒಟ್ಟು 2.4 ಸೆಕೆಂಡ್. ಎತ್ತರ 7.2 ಮೀಟರ್, ದೂರ 16 × 2.4 = 38.4 ಮೀಟರ್. ತುತ್ತತುದಿಯಲ್ಲಿ ಸೊನ್ನೆಯಾಗುವುದು ಲಂಬ ವೇಗ ಮಾತ್ರ. ಅಡ್ಡ ವೇಗ 16 ಹಾಗೇ ಇರುತ್ತದೆ, ವೇಗೋತ್ಕರ್ಷವೂ −10 ಆಗಿಯೇ ಇರುತ್ತದೆ.

ನಿಜವಾದ ಪರೀಕ್ಷೆ ಮುಂದಿನದು. ಅದೇ ಚೆಂಡನ್ನು, ಅದೇ ವೇಗ ಮತ್ತು ಕೋನದಲ್ಲಿ, ಕಾಫಿ ತೋಟದ ದಿಬ್ಬದಿಂದ 32 ಮೀಟರ್ ಕೆಳಗಿನ ಗದ್ದೆಯತ್ತ ಎಸೆದರೆ? ರೇಂಜ್ ಸೂತ್ರ ಹಾಕಿದವರಿಗೆ ಮತ್ತೆ 38.4 ಬರುತ್ತದೆ, ಅದು ತಪ್ಪು. ಹೊರಟ ಮಟ್ಟಕ್ಕೇ ಮರಳುವ ಚೆಂಡಿಗೆ ಮಾತ್ರ ಆ ಸೂತ್ರ. ಇಲ್ಲಿ ಲಂಬ ಸ್ಥಾನಾಂತರ −32. ಚೆಂಡು ಎಷ್ಟು ಮೇಲೇರಿ ಇಳಿಯಿತು ಎಂದು ತುಂಡು ಮಾಡಬೇಕಿಲ್ಲ, ಇಡೀ ಹಾರಾಟಕ್ಕೆ ಒಂದೇ ಸಮೀಕರಣ ಸಾಕು. ಸಮಯವನ್ನು ‘ಟಿ’ ಎಂದರೆ:

−32 = 12ಟಿ − 5ಟಿ²

ಅಂದರೆ 5ಟಿ² − 12ಟಿ − 32 = 0. ಮೂಲಗಳು 4 ಮತ್ತು −1.6. ಎಸೆತದ ನಂತರದ್ದೇ ನಮಗೆ ಬೇಕಾದ್ದರಿಂದ 4 ಸೆಕೆಂಡ್ ಉತ್ತರ. −1.6ಕ್ಕೂ ಅರ್ಥವಿದೆ: ಇದೇ ಪಥವನ್ನು ಹಿಂದಕ್ಕೆ ಎಳೆದರೆ, ಎಸೆಯುವುದಕ್ಕೆ 1.6 ಸೆಕೆಂಡ್ ಮೊದಲು ಚೆಂಡು ಗದ್ದೆಯ ಮಟ್ಟದಲ್ಲಿ ಇರಬೇಕಿತ್ತು. ದೂರ 16 × 4 = 64 ಮೀಟರ್.

ಉತ್ತರ ಸರಿಯೇ ಎಂದು ಶಕ್ತಿಯಿಂದ ತಾಳೆ ನೋಡಿ. ನೆಲ ಮುಟ್ಟುವಾಗ ಲಂಬ ವೇಗ 12 − 40 = −28. ವೇಗದ ವರ್ಗ 16² + 28² = 1040. ಶಕ್ತಿ ಸಂರಕ್ಷಣೆಯಿಂದ 20² + 2 × 10 × 32, ಅದೂ 1040. ಅರ್ಧ ನಿಮಿಷದ ಈ ಕೆಲಸ ಚಿಹ್ನೆಯ ತಪ್ಪುಗಳನ್ನು ಬಹುಪಾಲು ಹಿಡಿದುಕೊಡುತ್ತದೆ.

ಇನ್ನು ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಗುಂಡು. ಕಾಯಿ ನೇರ 40 ಮೀಟರ್ ದೂರದಲ್ಲಿದೆ, ಗುಂಡಿನ ವೇಗ ಸೆಕೆಂಡಿಗೆ 400 ಮೀಟರ್, ಗಾಳಿಯ ತಡೆ ಇಲ್ಲ ಎಂದುಕೊಳ್ಳಿ. ಸಮಯ 0.1 ಸೆಕೆಂಡ್. ಅಷ್ಟರಲ್ಲಿ ಗುಂಡು ಗುರಿಯ ಗೆರೆಯಿಂದ 5 × 0.01, ಅಂದರೆ 5 ಸೆಂ.ಮೀ. ಕೆಳಗಿಳಿಯುತ್ತದೆ. ದೂರ ಇಮ್ಮಡಿಯಾದರೆ ಇಳಿತ ನಾಲ್ಕು ಪಟ್ಟು, 20 ಸೆಂ.ಮೀ. ಗುಂಡು ಹೊರಟ ಕ್ಷಣದಲ್ಲೇ ಕಾಯಿ ತೊಟ್ಟು ಕಳಚಿದರೆ? ಕಾಯಿಯೂ ಅದೇ 0.1 ಸೆಕೆಂಡಿನಲ್ಲಿ ಅದೇ 5 ಸೆಂ.ಮೀ. ಇಳಿಯುವುದರಿಂದ ನೇರ ಗುರಿ ಇಟ್ಟ ಗುಂಡು ತಪ್ಪುವುದಿಲ್ಲ. ನಿಧಾನದ ಗುಂಡಾದರೂ ಅಷ್ಟೇ, ಕಾಯಿ ನೆಲ ಮುಟ್ಟುವ ಮೊದಲು ಅದು ತಲುಪಬೇಕು.