ಮಗನಿಗೆ ಕಾರು ಕಲಿಸಿದ್ದು: ಕ್ಲಚ್ಚಿಗಿಂತ ಕಣ್ಣೇ ಕಷ್ಟ

ಕ್ಲಚ್ಚು, ಗೇರು ಎಲ್ಲ ಈ ವಯಸ್ಸಿನವರು ಬೇಗ ಹಿಡಿದುಬಿಡುತ್ತಾರೆ. ರಸ್ತೆ ನೋಡುವುದನ್ನು ಕಲಿಸೋದೇ ಕಷ್ಟ. ನನ್ನ ಮಗ ಚಿಕ್ಕಂದಿನಿಂದ ಕಾರಿನಲ್ಲಿ ಓಡಾಡಿದವನು, ಆದರೆ ತಲೆ ಸದಾ ಮೊಬೈಲಿನೊಳಗೆ. ಹುಟ್ಟಿ ಬೆಳೆದ ಮೈಸೂರಲ್ಲೇ ರೈಲ್ವೆ ಸ್ಟೇಷನ್ನಿಗೆ ದಾರಿ ಕೇಳಿದರೆ ಮ್ಯಾಪ್ ತೆರೆಯುತ್ತಿದ್ದ.

18 ತುಂಬುವ ತನಕ ಕಾಯಿಸಿದ್ದಕ್ಕೇ ಮನೆಯಲ್ಲಿ ಜಗಳ. "ನನ್ನ ಫ್ರೆಂಡ್ಸೆಲ್ಲ ಪಿಯುಸಿಯಿಂದಲೇ ಸ್ಕೂಟರ್ ಓಡಿಸ್ತಾರಮ್ಮ" ಅನ್ನೋದು ಅವನ ವಾದ. 16 ವರ್ಷಕ್ಕೆ ಸಿಗುವ ಲೈಸೆನ್ಸು 50 ಸಿಸಿ ಒಳಗಿನ, ಗೇರಿಲ್ಲದ ಗಾಡಿಗೆ ಮಾತ್ರ. ಮನೆಮನೆಯಲ್ಲಿರುವ ಸ್ಕೂಟರುಗಳು 110 ಸಿಸಿಯವು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷ ಆಗುವವರೆಗೆ ಲೈಸೆನ್ಸೇ ಇಲ್ಲ. ನಮ್ಮ ಜೈಲಿನ ಮಾತಿಗೆ ನಕ್ಕವನು ಇದನ್ನು ಕೇಳಿ ಸುಮ್ಮನಾದ.

ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಬಂದ ಮೇಲೆ ಡ್ರೈವಿಂಗ್ ಸ್ಕೂಲಿಗೂ ಕಳಿಸಿದೆ. ಎಂಟು ಹಾಕೋದು, ರಿವರ್ಸ್ ಹೋಗೋದು ಅಲ್ಲಿ ಚೆನ್ನಾಗಿ ಬರುತ್ತೆ. ಆದರೆ ಅವರ ಕಾರಲ್ಲಿ ಕಲಿಸುವವರ ಕಾಲ ಕೆಳಗೂ ಬ್ರೇಕು, ಕ್ಲಚ್ಚು ಇರುತ್ತವೆ. ಹುಡುಗರು ತಾವೇ ಓಡಿಸಿದೆವು ಅಂದುಕೊಂಡು ಇಳಿದು ಬರುತ್ತಾರೆ. ನಮ್ಮ ಕಾರಲ್ಲಿ ಎಡಗಡೆ ಕೂತ ನನಗೆ ಸಿಗೋದು ಹ್ಯಾಂಡ್‌ಬ್ರೇಕ್ ಒಂದೇ. ಅದನ್ನೂ ವೇಗದಲ್ಲಿ ಎಳೆದರೆ ಗಾಡಿ ಜಾರುತ್ತೆ. ಹಾಗಾಗಿ ಊರಾಚೆಯ ಖಾಲಿ ಲೇಔಟಲ್ಲಿ, ಬೆಳಿಗ್ಗೆ ಹೊತ್ತು, ಸ್ಪೀಡು 20 ದಾಟಬಾರದು ಅಂತ ಶುರು ಮಾಡಿದೆವು. ಮೊದಲು ಆಕ್ಸಿಲರೇಟರ್ ಮುಟ್ಟಲೇಬಾರದು. ಸಮತಟ್ಟು ರಸ್ತೆಯಲ್ಲಿ ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟರೆ ಸಾಕು, ಫಸ್ಟ್ ಗೇರಲ್ಲಿ ಪೆಟ್ರೋಲ್ ಕಾರು ತಾನಾಗಿ ಹೊರಡುತ್ತೆ. ಕ್ಲಚ್ಚು ಎಲ್ಲಿಗೆ ಬಂದಾಗ ಎಂಜಿನ್ ನಡುಗುತ್ತೆ ಅಂತ ಕಾಲಿಗೆ ಗೊತ್ತಾದ ಮೇಲೆ ಗಾಡಿ ಆಫ್ ಆಗೋದು ಕಮ್ಮಿಯಾಯಿತು.

ಆಮೇಲಿನದ್ದು ಕಣ್ಣಿನ ಪಾಠ. ಕಂಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸು ಅಂದೆ. "ಎಡಕ್ಕೆ ಆಟೋ ನಿಂತಿದೆ" ಅಂದ. ಸರಿ, ಅದರ ಮುಂದಿನ ಚಕ್ರ ಯಾವ ಕಡೆ ತಿರುಗಿದೆ? ರಸ್ತೆ ಕಡೆ ತಿರುಗಿದ್ದರೆ ಅದು ಈಗಲೋ ಆಗಲೋ ಹೊರಡುತ್ತೆ. ಬಸ್ಸು ನಿಂತಿದ್ದರೆ ಅದರ ಮುಂದಿನಿಂದ ಯಾರಾದರೂ ದಾಟುತ್ತಾರೆ. ನಿಂತ ಕಾರಿನ ಸೀಟಲ್ಲಿ ತಲೆ ಕಂಡರೆ ಬಾಗಿಲು ತೆಗೆಯಬಹುದು. ಮೊದಮೊದಲು ಅವನಿಗೆ ನಾಚಿಕೆ, ಕ್ರಿಕೆಟ್ ಕಾಮೆಂಟರಿ ಥರ ಇದೇನು ಅಂತ. ಆದರೆ ಅವನು ಏನನ್ನು ನೋಡುತ್ತಿಲ್ಲ ಅಂತ ನನಗೆ ಗೊತ್ತಾಗಲು ಬೇರೆ ದಾರಿ ಇರಲಿಲ್ಲ. ಕನ್ನಡಿಯ ಹೆಸರೇ ಬಾಯಲ್ಲಿ ಬರುತ್ತಿರಲಿಲ್ಲ!

ಈ ವಯಸ್ಸಲ್ಲಿ ಅಮ್ಮ ಏನು ಹೇಳಿದರೂ ಬೈಗುಳವೇ. ಅದಕ್ಕೆ ಒಪ್ಪಂದ ಮಾಡಿಕೊಂಡೆವು: "ನಿಲ್ಲಿಸು" ಅಂದರೆ ಯಾಕೆ ಅಂತ ಕೇಳದೆ ನಿಲ್ಲಿಸಬೇಕು. ವಾದವೆಲ್ಲ ಗಾಡಿ ಪಕ್ಕಕ್ಕೆ ಹಾಕಿದ ಮೇಲೆ. ನಾನೂ "ಏಯ್ ಏಯ್" ಅಂತ ಕಿರುಚುವ ಹಾಗಿಲ್ಲ. ಹಿಂದಿನ ಸೀಟಿಂದ "ಹಾರ್ನ್ ಹೊಡಿ, ಹಾರ್ನ್ ಹೊಡಿ" ಅನ್ನುತ್ತಿದ್ದ ನಮ್ಮ ಯಜಮಾನರನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದೆವು. ಇಬ್ಬರು ಗುರುಗಳಿದ್ದರೆ ಕಲಿಯೋನು ಕೆಡುತ್ತಾನೆ.

ಮೈಸೂರಲ್ಲಿ ಕಲಿಯುವವರಿಗೆ ಸರ್ಕಲ್ಲುಗಳದ್ದೇ ದೊಡ್ಡ ಪರೀಕ್ಷೆ. ಸರ್ಕಲ್ ಒಳಗೆ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲು ದಾರಿ ಬಿಡಬೇಕು ಅಂತ 2017ರ ನಿಯಮ ಹೇಳುತ್ತೆ. ಬಿಟ್ಟು ನಿಂತರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಆ ಶಬ್ದಕ್ಕೆ ಹೆದರಿ ನುಗ್ಗೋದು ಹುಡುಗರ ಸ್ವಭಾವ. ಹಾರ್ನ್ ಹೊಡೆದವರು ನಮ್ಮ ಕಾರು ರಿಪೇರಿ ಮಾಡಿಸಿ ಕೊಡಲ್ಲ ಅಲ್ವಾ? ಇದನ್ನು ಎಷ್ಟು ಸಲ ಹೇಳಿದೆನೋ.

ಚಾಮುಂಡಿ ಬೆಟ್ಟದಲ್ಲಿ ಇಳಿಯೋದು ಹತ್ತೋದಕ್ಕಿಂತ ಕಷ್ಟ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಮ್ಮಿಯಾಗುತ್ತೆ. ಹತ್ತುವಾಗ ಇದ್ದ ಗೇರಲ್ಲೇ ಇಳಿ ಅಂದೆ. ಎಂಜಿನ್ ಮೊರೆಯುತ್ತೆ ಅಂತ ಅವನಿಗೆ ಗಾಬರಿ. ಮೊರೆಯಲಿ ಬಿಡು, ಅದೇ ಗಾಡಿಯನ್ನು ಹಿಡಿಯುತ್ತಿರೋದು.

ಫೋನಿನ ವಿಷಯಕ್ಕೆ ಬುದ್ಧಿಮಾತು ನಾಟಲಿಲ್ಲ, ಲೆಕ್ಕ ನಾಟಿತು. 60ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಒಂದು ಮೆಸೇಜ್ ನೋಡುವ 3 ಸೆಕೆಂಡಲ್ಲಿ 50 ಮೀಟರ್, ಅಂದರೆ ಎರಡೂವರೆ ಕ್ರಿಕೆಟ್ ಪಿಚ್ಚು. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸ್ತೀಯಾ ಅಂದೆ. ಈಗ ಫೋನು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ, ಅವನಾಗಿಯೇ ಹಾಕುತ್ತಾನೆ.

ಲೈಸೆನ್ಸು ಬಂದಿದೆ. ಬೆಂಗಳೂರು ಹೆದ್ದಾರಿಯಲ್ಲಿ ಓಡಿಸಬೇಕು ಅಂತ ದಿನಾ ರಾಗ. ಮೊದಲು ಮಳೆಯಲ್ಲಿ, ಆಮೇಲೆ ಕತ್ತಲಲ್ಲಿ ಎದುರು ಬರುವ ಹೈಬೀಮ್ ಲೈಟಿನ ನಡುವೆ ರಿಂಗ್ ರೋಡಲ್ಲಿ. ಅದೆರಡೂ ಆಗುವ ತನಕ ಹೆದ್ದಾರಿಯಲ್ಲಿ ಸ್ಟೀರಿಂಗ್ ನನ್ನ ಕೈಯಲ್ಲೇ ಇರುತ್ತೆ.